ಹುಳದ ಜ್ವರಕ್ಕೆ ಲೆಕ್ಕ ಇದೆ, ನಮ್ಮ ಮೈ ಬಿಸಿಗೆ ಲೆಕ್ಕ ಇಲ್ಲ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆಯ ಎಲ್ಲಾ ಅಧಿಕಾರಿಗಳಿಗೆ

ವಿಷಯ: ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರಿಗೆ, ನಿಂತ ಮೇಲಿನೋರಿಗೂ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ತಪಾಸಣೆಗೆ ತಿಂಗಳಿಗೆ ಒಂದು ದಿನ ಇಡಬೇಕು ಅನ್ನೋ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಶಿಡ್ಲಘಟ್ಟ ಸೀಮೆಯ ಒಂದು ಹಳ್ಳಿಯೋಳು, ವಯಸ್ಸು 53, ಎಸ್ಸೆಸ್ಸೆಲ್ಸಿ ಓದಿದ್ದೀನಿ, ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳ ಮೇಯಿಸ್ತೀವಿ, ಎರಡು ಸೀಮೆ ಹಸು ಇದಾವೆ. ಈ ಕಾಗದನ ಫೋನಲ್ಲಿ ಮಾತಾಡಿ ಟೈಪ್ ಮಾಡಿಸ್ತಾ ಇದೀನಿ, ಮಗಳು ತಪ್ಪು ತಿದ್ದುತಾಳೆ, ಅವಳ ಕಣ್ಣು ತಪ್ಪಿಸಿ ಉಳಿದಿದ್ದು ಏನಾದ್ರೂ ಇದ್ರೆ ನೀವೇ ಸರಿ ಮಾಡ್ಕೊಂಡು ಓದಿ. ನಾಚ್ಕೆ ಬಿಟ್ಟು ಕೆಲವು ಮಾತು ಬರೀತಾ ಇದೀನಿ, ಯಾಕಂದ್ರೆ ನಾಚ್ಕೊಂಡು ಕೂತಿದ್ದಕ್ಕೇ ನಮ್ಮ ಬೀದೀಲಿ ಒಬ್ರು ಹೋದ್ರು, ಅದನ್ನ ಮುಂದೆ ಹೇಳ್ತೀನಿ.

ಮೊದಲು ಏಳು ವರ್ಷದ ಹಿಂದಿನ ಒಂದು ಮಧ್ಯಾಹ್ನದ ವಿಷಯ. ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು (ಹುಳ ಮೇವು ಬಿಟ್ಟು ಮಲಗಿ ಪೊರೆ ಕಳಚೋದನ್ನ ನಾವು ಜ್ವರ ಅಂತೀವಿ), ಆವಾಗ ಹುಳ ಸೊಪ್ಪು ಮೇಯೋ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಗೆ ಕೇಳುತ್ತೆ, ಮೇಯಿಸಿದೋರಿಗೆ ಗೊತ್ತು, ಆ ಏಳೆಂಟು ದಿನ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಲಿಲ್ಲಾಂದ್ರೆ ಗೂಡು ತೂಕ ಬರಲ್ಲ. ನಾನು ಸೊಪ್ಪು ಹರಡ್ತಾ ಇದ್ದೆ. ಇದ್ದಕ್ಕಿದ್ದಂಗೆ ಎದೆಯಿಂದ ಒಂದು ಬಿಸಿ ಎದ್ದು ಕತ್ತು, ಕಿವಿ, ಮುಖಕ್ಕೆಲ್ಲ ಹತ್ತಿ ಕೂದಲ ಬುಡದಿಂದ ಬೆವರು ಇಳಿಯೋಕೆ ಶುರುವಾಯ್ತು, ರವಿಕೆ ಪೂರ್ತಿ ಒದ್ದೆ. ನನಗೆ ಮೊದಲು ಅನ್ನಿಸಿದ್ದು ಹುಳದ ಮನೆ ಬಿಸಿ ಏರ್ಬಿಟ್ಟಿದೆ, ಹುಳ ಹೋಯ್ತು, ಸಾಲ ಹಂಗೇ ಉಳೀತು ಅಂತ. ಓಡೋಗಿ ಗೋಡೇಲಿ ತೂಗಾಕಿರೋ ಥರ್ಮಾಮೀಟರ್ ನೋಡ್ತೀನಿ, 25 ಡಿಗ್ರಿ. ಎಷ್ಟಿರಬೇಕೋ ಅಷ್ಟೇ. ಹುಳಗಳು ಅವರ ಪಾಡಿಗೆ ಮೇಯ್ತಾ ಇದಾವೆ, ಬೆಂದು ಹೋಗ್ತಾ ಇರೋದು ನಾನೊಬ್ಳೇ.

ಹುಳಕ್ಕೆ ನಾಲ್ಕು ಜ್ವರ ಬರುತ್ತೆ ಸಾರ್. ಯಾವ ಜ್ವರ ಎಷ್ಟು ಹೊತ್ತು, ಯಾವಾಗ ಸೊಪ್ಪು ನಿಲ್ಲಿಸಬೇಕು, ಯಾವಾಗ ಸುಣ್ಣ ಎರಚಬೇಕು, ಚಾಕಿ ಅಂದ್ರೆ ಮರಿ ಹುಳಕ್ಕೆ 27-28 ಡಿಗ್ರಿ, ದೊಡ್ಡ ಹುಳಕ್ಕೆ 24-25 ಡಿಗ್ರಿ, ಇದನ್ನೆಲ್ಲ ರೇಷ್ಮೆ ಇಲಾಖೆಯೋರು ಮನೆ ಬಾಗಿಲಿಗೆ ಬಂದು ಹೇಳಿಕೊಟ್ಟಿದಾರೆ, ನನಗೆ ಬಾಯಿಪಾಠ. ಹಸು ಬೆದೆಗೆ ಬಂದ್ರೆ ಒಂದು ಫೋನಿಗೆ ಇಂಜೆಕ್ಷನ್ನಿನೋರು ಬೈಕಲ್ಲಿ ಬರ್ತಾರೆ. ನನ್ನ ಮೈಗೆ ಬಂದ ಬಿಸಿಗೆ ಏನು ಹೆಸರು ಅಂತ ಮಾತ್ರ 46 ವರ್ಷ ಆಗೋವರೆಗೂ ಒಬ್ಬರೂ ಹೇಳಿರಲಿಲ್ಲ. ನಮ್ಮವ್ವನೂ ಹೇಳಿರಲಿಲ್ಲ ಅನ್ನಿ, ಅವಳಿಗೆ ಯಾರು ಹೇಳಿದ್ರು.

ಆಮೇಲೆ ಎರಡೂವರೆ ವರ್ಷ ನಾನು ಅಲೆದಿದ್ದು ಕೇಳಿ. ಊರಲ್ಲೊಬ್ರು ಡಾಕ್ಟ್ರು ಇದಾರೆ, ಡಾಕ್ಟ್ರು ಹೌದೋ ಅಲ್ವೋ ಅದು ಬೇರೆ ಕಥೆ, ಅವ್ರು ನಿಶ್ಶಕ್ತಿ ಅಂತ ಗ್ಲೂಕೋಸ್ ಬಾಟ್ಲಿ ಏರಿಸಿದ್ರು, ಒಂದಲ್ಲ, ಆರು ಬಾಟ್ಲಿ. ಎದೆ ಡವಡವ ಅನ್ನುತ್ತೆ ಅಂದ್ರೆ ಇನ್ನೊಂದು ಕಡೆ ಇಸಿಜಿ ಮಾಡಿದ್ರು, ಹಾರ್ಟು ಸರಿಯಾಗಿದೆ ಟೆನ್ಷನ್ ಮಾಡ್ಕೋಬೇಡಿ ಅಂದ್ರು. ರಾತ್ರಿ ಮೂರು ಗಂಟೆಗೆ ಎಚ್ಚರ ಆಗ್ಬಿಟ್ರೆ ಮತ್ತೆ ನಿದ್ದೆ ಇಲ್ಲ, ಬೆಳಗ್ಗೆ ಸಣ್ಣ ಮಾತಿಗೆ ಅಳು, ಇಲ್ಲಾಂದ್ರೆ ಕೋಪ, ಸೊಸೆ ಮೇಲೆ ತಟ್ಟೆ ಬಿಸಾಕಿದ್ದೀನಿ ಒಂದ್ಸಲ, ಅವಳು ಇವತ್ತಿಗೂ ಅದನ್ನ ಮರೆತಿಲ್ಲ. ಅತ್ತೆ ಗಾಳಿ ಸೋಕಿದೆ ಅಂದ್ರು, ಚಿಂತಾಮಣಿ ಹತ್ರ ಮುರುಗಮಲ್ಲ ದರ್ಗಾಕ್ಕೆ ಕರ್ಕೊಂಡು ಹೋದ್ರು. ಹೋಗಿದ್ದು ತಪ್ಪು ಅನ್ನಲ್ಲ, ಅಲ್ಲಿ ಕೂತ್ರೆ ಮನಸ್ಸಿಗೆ ಸಮಾಧಾನ ಆಗುತ್ತೆ, ಹಿಂದೂಗಳು ಮುಸ್ಲಿಮರು ಎಲ್ರೂ ಬರ್ತಾರೆ, ನನ್ನಂಥ ನಡುವಯಸ್ಸಿನ ಹೆಂಗಸರೇ ಸಾಲಾಗಿ ಕೂತಿದ್ರು. ಅವರಲ್ಲಿ ಎಷ್ಟು ಜನಕ್ಕೆ ಮುಟ್ಟು ನಿಲ್ಲೋ ಹೊತ್ತೋ ಏನೋ ಅಂತ ಈಗ ಯೋಚನೆ ಬರುತ್ತೆ. ಮನಸ್ಸಿನ ತೊಂದರೆಗೆ 14416 ಅಂತ ಟೆಲಿ ಮಾನಸ್ ನಂಬರ್ ಇದೆ, 2022ರಿಂದ ಇದೆ, ದುಡ್ಡಿಲ್ಲದೆ ಮಾತಾಡಬಹುದು ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ, ಅದೂ ಮಗಳ ಫೋನಿಂದ. ನಮ್ಮ ಪಿಎಚ್‌ಸಿ ಗೋಡೇಲಿ ಸೊಳ್ಳೆ ಚಿತ್ರ ಇದೆ, ಎರಡು ಮಕ್ಕಳ ಸುಖೀ ಸಂಸಾರದ ಚಿತ್ರ ಇದೆ, ಆ ನಂಬರ್ ಇಲ್ಲ.

ಕೊನೆಗೆ ಮಗಳು ಬೆಂಗಳೂರಲ್ಲಿ ಒಬ್ರು ಲೇಡಿ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ಳು. ಅವರು ಹತ್ತೇ ಹತ್ತು ನಿಮಿಷ ಮಾತಾಡಿದ್ರು. ಅಮ್ಮಾ ಇದು ಕಾಯಿಲೆ ಅಲ್ಲ, ಮುಟ್ಟು ನಿಲ್ಲೋಕೆ ಕೆಲವು ವರ್ಷ ಮುಂಚೆನೇ ಈಸ್ಟ್ರೋಜನ್ ಅನ್ನೋ ಹಾರ್ಮೋನು ಏರುಪೇರಾಗಿ ಆಮೇಲೆ ಕಮ್ಮಿ ಆಗುತ್ತೆ, ಅದಕ್ಕೇ ಈ ಬಿಸಿ, ಬೆವರು, ನಿದ್ದೆಗೇಡು, ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46-47ಕ್ಕೆ ನಿಲ್ಲುತ್ತೆ, ಸತತ 12 ತಿಂಗಳು ಬರದೇ ಇದ್ರೆ ನಿಂತಿದೆ ಅಂತ ಲೆಕ್ಕ, ಕಾಯಿಲೆ ಅಲ್ಲ ಅಂದ್ಬಿಟ್ಟು ಸಹಿಸ್ಕೊಂಡೇ ಇರಬೇಕು ಅಂತಿಲ್ಲ, ಔಷಧಿ ಇದೆ, ಆದ್ರೆ ಹಾರ್ಮೋನ್ ಮಾತ್ರೆ ಎಲ್ರಿಗೂ ಆಗಲ್ಲ, ಸ್ತನದ ಕ್ಯಾನ್ಸರ್ ಆಗಿದ್ದೋರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದೋರಿಗೆ ಕೊಡಲ್ಲ, ನೋಡಿ ಕೊಡಬೇಕು ಅಂದ್ರು. ನನಗೆ ಮಾತ್ರೆನೂ ಬೇಕಾಗಲಿಲ್ಲ ಸಾರ್. ನನಗೆ ಹುಚ್ಚು ಹಿಡೀತಾ ಇಲ್ಲ ಅಂತ ಗೊತ್ತಾಗಿದ್ದೇ ಅರ್ಧ ಔಷಧಿ ಆಯ್ತು. ಆ ಹತ್ತು ನಿಮಿಷದ ಮಾತಿಗೆ ನಾನು ಎರಡೂವರೆ ವರ್ಷ, ಒಂದು ಜೊತೆ ಓಲೆ, ಎರಡು ಬೆಳೆ ಹುಳ ಕಳ್ಕೊಂಡೆ. ಆ ಮಾತನ್ನ ನಮ್ಮ ಪಿಎಚ್‌ಸಿ ಸಿಸ್ಟರ್ರೂ ಹೇಳಬಹುದಿತ್ತು, ಹೇಳು ಅಂತ ನೀವು ಅವರಿಗೆ ಹೇಳಿದ್ದಿದ್ರೆ.

ನನ್ನ ಮಗಳು ಬಸುರಿ ಆದಾಗ ನೋಡಿದೆ. ತಾಯಿ ಕಾರ್ಡ್ ಕೊಟ್ರು, ತೂಕ ಬರೆದ್ರು, ರಕ್ತ ಎಷ್ಟಿದೆ ನೋಡಿದ್ರು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಸ್ಕ್ಯಾನಿಂಗು, ಪ್ರತಿ ತಿಂಗಳು 9ನೇ ತಾರೀಕು ಬಸುರಿಯರಿಗೇ ಅಂತ ಡಾಕ್ಟ್ರು ಕೂರ್ತಾರೆ, 2016ರಿಂದ ದೇಶಕ್ಕೆಲ್ಲ ಹಂಗೇ ಅಂತೆ, ಒಂದು ತಿಂಗಳು ಹೋಗದಿದ್ರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ಯಾಕಮ್ಮ ಬರಲಿಲ್ಲ ಅಂತ ಕೇಳ್ತಾಳೆ. ನೋಡಿ ಸಂತೋಷ ಆಯ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು, ಸುಳ್ಯಾಕೆ ಹೇಳಲಿ. ನನಗೆ 24 ವರ್ಷಕ್ಕೆ ಕ್ಯಾಂಪಲ್ಲಿ ಮಕ್ಕಳಾಗದ ಆಪರೇಷನ್ ಆಯ್ತು. ಅಷ್ಟೇ, ಅವತ್ತಿಗೆ ಆಸ್ಪತ್ರೆಗೂ ನನಗೂ ಲೆಕ್ಕ ಚುಕ್ತಾ. ನನ್ನೊಬ್ಬಳ ಕಥೆ ಅಲ್ಲ ಇದು, ಸರ್ಕಾರದ್ದೇ 5ನೇ ಕುಟುಂಬ ಆರೋಗ್ಯ ಸಮೀಕ್ಷೇಲಿ ನಮ್ಮ ರಾಜ್ಯದಲ್ಲಿ ಮದುವೆ ಆಗಿರೋ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ಆ ಆಪರೇಷನ್ ಆಗಿದೆ. ಮಗಳು ಅದನ್ನ ಓದಿ ಹೇಳೋವಾಗ ಇನ್ನೊಂದು ವಿಷಯ ಹೇಳಿದ್ಳು, ಆ ಸಮೀಕ್ಷೇಲಿ ಕೂರಿಸ್ಕೊಂಡು ಪ್ರಶ್ನೆ ಕೇಳೋದು 15ರಿಂದ 49 ವರ್ಷದ ಹೆಂಗಸರನ್ನ. 49 ದಾಟಿದ್ರೆ ಪ್ರಶ್ನೆ ಇಲ್ಲ. ಹೆರೋ ವಯಸ್ಸು ಮುಗೀತಲ್ಲ.

ಆಮೇಲೆ 60 ಆದ್ರೆ ಮತ್ತೆ ಲೆಕ್ಕಕ್ಕೆ ಬರ್ತೀವಿ, ವೃದ್ಧರ ಆರೋಗ್ಯಕ್ಕೆ ಅಂತ 2010ರಿಂದ ಒಂದು ಕಾರ್ಯಕ್ರಮ ಇದೆ, ಜಿಲ್ಲಾಸ್ಪತ್ರೇಲಿ ಹತ್ತು ಹಾಸಿಗೆ ವಾರ್ಡು, ಫಿಸಿಯೋಥೆರಪಿ, 65 ಆದ್ರೆ ಸಂಧ್ಯಾ ಸುರಕ್ಷಾ ಪಿಂಚಣಿ ದುಡ್ಡು. ಮಧ್ಯದ ಹತ್ತು ವರ್ಷ ನಾವು ಎಲ್ಲಿರ್ತೀವಿ ಅಂದ್ರೆ ತೋಟದಲ್ಲಿ, ಹುಳದ ಮನೇಲಿ, ನೂಲು ಬಿಚ್ಚೋ ಫಿಲೇಚರಲ್ಲಿ ಕುದಿಯೋ ನೀರಿಗೆ ಕೈ ಹಾಕ್ಕೊಂಡು, ಟೊಮೇಟೋ ಕ್ರೇಟ್ ಹೊತ್ಕೊಂಡು ಇರ್ತೀವಿ.

30 ದಾಟಿದೋರಿಗೆಲ್ಲ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆಯಲ್ಲಮ್ಮ, ಗೃಹ ಆರೋಗ್ಯ ಅಂತ ಪಕ್ಕದ ಕೋಲಾರದಲ್ಲಿ ಮೊದಲು ಶುರು ಮಾಡಿ ಈಗ ಎಲ್ಲಾ ಜಿಲ್ಲೆಗೂ ತಂದಿದ್ದೀವಲ್ಲ ಅಂತೀರಿ. ಇದೆ, ಇಲ್ಲ ಅನ್ನಲ್ಲ. ಒಳ್ಳೇದೇ. ಆದ್ರೆ ಅದು ನಮ್ಮ ಬಾಗಿಲಲ್ಲಿ ಹೆಂಗೆ ನಡೆಯುತ್ತೆ ಅಂತ ನೀವು ನೋಡಿಲ್ಲ, ನಾನು ನೋಡಿದ್ದೀನಿ.

ಆಶಾ ಹತ್ರ ಒಂದು ಫಾರಂ ಇರುತ್ತೆ. ಅದರಲ್ಲಿ ಹೆಂಗಸರಿಗೆ ಅಂತ ಕೆಲವು ಪ್ರಶ್ನೆ ಇದಾವೆ: ಎದೇಲಿ ಗಂಟು ಇದೆಯಾ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಾ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತಾ, ವಾಸನೆ ಬರೋ ಬಿಳಿ ಸೆರಗು ಇದೆಯಾ. ಬಹಳ ಒಳ್ಳೆ ಪ್ರಶ್ನೆಗಳು, ಯಾರೋ ತಿಳಿದೋರೇ ಬರೆದಿದಾರೆ. ನಮ್ಮನೆಗೆ ಬಂದಾಗ ಬೆಳಗ್ಗೆ ಒಂಬತ್ತು ಗಂಟೆ, ಭಾವ ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ರು, ಮೈದುನ ಬೈಕ್ ಒರೆಸ್ತಾ ಇದ್ದ, ನಾನು ಸಗಣಿ ಕೈಯಲ್ಲಿ ನಿಂತಿದ್ದೆ. ಬೀಡಿ ಸಿಗರೇಟು ಇದೆಯಾ ಅಕ್ಕ ಅಂದ್ಳು, ಇಲ್ಲ. ಸೊಂಟದ ಸುತ್ತಳತೆ ಟೇಪಲ್ಲಿ ಹಿಡಿದ್ಳು. ಅಲ್ಲಿಂದ ಮುಂದೆ ಅವಳು ಭಾವನ ಕಡೆ ಒಂದ್ಸಲ ನೋಡಿದ್ಳು, ನನ್ನ ಕಡೆ ಒಂದ್ಸಲ ನೋಡಿದ್ಳು, ತಲೆ ಬಗ್ಗಿಸಿ ಇಲ್ಲ ಇಲ್ಲ ಇಲ್ಲ ಇಲ್ಲ ಅಂತ ಟಿಕ್ ಹಾಕ್ಕೊಂಡು ಪಕ್ಕದ ಮನೆಗೆ ಹೋದ್ಳು. ಅವಳದ್ದು ತಪ್ಪು ಅಂತ ನಾನು ಅನ್ನಲ್ಲ. ಸಾವಿರ ಜನಸಂಖ್ಯೆಗೆ ಒಬ್ಬಳು, ಬಾಣಂತಿ, ಲಸಿಕೆ, ಆ್ಯಪು, ಲಾರ್ವಾ ಸರ್ವೆ ಎಲ್ಲ ಅವಳ ತಲೆ ಮೇಲೆ, ಗೌರವಧನಕ್ಕೋಸ್ಕರ 2025ರ ಜನವರಿ ಚಳೀಲಿ ಫ್ರೀಡಂ ಪಾರ್ಕಲ್ಲಿ ರಸ್ತೇಲಿ ಮಲಗಿದ್ದೋರು ಅವರೆಲ್ಲ. ಗಂಡಸರ ಎದುರಿಗೆ ಹೆಂಗಸಿಗೆ ಈ ಪ್ರಶ್ನೆ ಕೇಳು ಅಂದ್ರೆ ಯಾರು ಕೇಳ್ತಾರೆ, ಕೇಳಿದ್ರೂ ಯಾರು ಹೌದು ಅಂತಾರೆ.

ಅವತ್ತೇ ಪಕ್ಕದ ಮನೆ ಅಕ್ಕಂಗೂ ಆ ಟಿಕ್ ಬಿತ್ತು. ಅವರಿಗೆ 61. ಮುಟ್ಟು ನಿಂತು ಎಂಟು ವರ್ಷ ಆಗಿತ್ತು, ಆವಾಗ ಮತ್ತೆ ಚೂರು ಚೂರು ಕಾಣಿಸ್ಕೊಳ್ತಾ ಇತ್ತು. ಒಂದಿನ ಸಂಜೆ ಡೈರಿಗೆ ಹಾಲು ಹಾಕೋಕೆ ಕ್ಯೂನಲ್ಲಿ ನಿಂತಿದ್ದಾಗ ನನ್ನ ಕಿವೀಲಿ, ನನಗೆ ಮತ್ತೆ ವಯಸ್ಸು ಬಂತು ಕಣೆ ಅಂದ್ರು. ನಾನೂ ನಕ್ಕೆ. ಇಬ್ರೂ ಬಾಯಿಗೆ ಸೆರಗು ಇಟ್ಕೊಂಡು ನಕ್ಕಿದ್ವಿ. ಮುಟ್ಟು ನಿಂತು ಒಂದು ವರ್ಷ ಆದ್ಮೇಲೆ ಒಂದು ಹನಿ ರಕ್ತ ಕಂಡ್ರೂ ತೋರಿಸ್ಲೇಬೇಕು, ತುಂಬಾ ಜನಕ್ಕೆ ಅದು ಸಣ್ಣ ಕಾರಣಕ್ಕೇ ಆಗಿರುತ್ತೆ, ಆದ್ರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಅದೇನೇ ಅಂತ ನನಗೆ ಆವಾಗ ಗೊತ್ತಿದ್ದಿದ್ರೆ, ಹಾಲಿನ ಕ್ಯಾನ್ ಅಲ್ಲೇ ಇಟ್ಟು ಅವರನ್ನ ಬಸ್ ಹತ್ತಿಸ್ತಿದ್ದೆ. ಹತ್ತು ತಿಂಗಳು ಬಟ್ಟೆ ಇಟ್ಕೊಂಡು ಓಡಾಡಿದ್ರು. ಸೊಸೆಗೆ ಬಟ್ಟೆ ಒಗೆಯೋವಾಗ ಗೊತ್ತಾಗಿ, ಅಲ್ಲಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋ ಹೊತ್ತಿಗೆ ಹೊಟ್ಟೆಗೆಲ್ಲ ಹರಡಿತ್ತು. ಅಲ್ಲಿನೋರು ಪಾಪ ಚೆನ್ನಾಗೇ ನೋಡ್ಕೊಂಡ್ರು. ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ತೀರ್ಕೊಂಡ್ರು. ನಿಮ್ಮ ಕಂಪ್ಯೂಟರಲ್ಲಿ ಅವರ ಹೆಸರಿನ ಮುಂದೆ ಆ ಇಲ್ಲ ಅನ್ನೋದು ಇನ್ನೂ ಇರಬೇಕು.

ಇನ್ನೊಂದು ನಮ್ಮ ವಾರಗಿತ್ತಿದು. ಅವಳಿಗೆ 36 ವರ್ಷಕ್ಕೆ ಗರ್ಭಕೋಶ ತೆಗೆಸಿದ್ರು. ತಿಂಗಳಿಗೆ ಎಂಟು ದಿನ ಹೋಗ್ತಾ ಇತ್ತು, ಒಂದು ನರ್ಸಿಂಗ್ ಹೋಮಿಗೆ ಹೋದ್ಳು, ಸ್ಕ್ಯಾನಿಂಗ್ ಮಾಡಿ ಊತ ಇದೆ, ಗಡ್ಡೆ ಇದೆ, ಹಂಗೇ ಬಿಟ್ರೆ ಮುಂದೆ ಕ್ಯಾನ್ಸರ್ ಆಗುತ್ತೆ, ಮಕ್ಕಳಾಗಿದೆಯಲ್ಲ ಇನ್ಯಾಕೆ ಬೇಕು ಅಂದ್ರು. ಎರಡೇ ದಿನದಲ್ಲಿ ಆಪರೇಷನ್. ಮೊದಲು ಮಾತ್ರೆ ಕೊಟ್ಟು ನೋಡಬಹುದಿತ್ತು, ಗರ್ಭಕೋಶದೊಳಗೆ ಹಾಕೋ ಹಾರ್ಮೋನಿನ ಸಾಧನ ಇದೆ, ಇನ್ನೊಬ್ರು ಡಾಕ್ಟ್ರ ಹತ್ರ ಕೇಳಬಹುದಿತ್ತು, ಇದು ಯಾವುದನ್ನೂ ಅವಳಿಗೆ ಹೇಳಲಿಲ್ಲ. ಗರ್ಭಕೋಶದ ಜೊತೆ ಎರಡು ಅಂಡಾಶಯನೂ ತೆಗೆದಿದ್ರು ಅಂತ ಗೊತ್ತಾಗಿದ್ದು ಒಂಬತ್ತು ವರ್ಷ ಆದ್ಮೇಲೆ, ಕೊಟ್ಟಿಗೇಲಿ ಜಾರಿ ಮಣಿಕಟ್ಟು ಮುರ್ಕೊಂಡಾಗ, ಮೂಳೆ ಡಾಕ್ಟ್ರು ಹಳೇ ಕಾಗದ ಕೇಳಿ ಓದಿದಾಗ. ಅಂಡಾಶಯ ತೆಗೆದ್ರೆ ಅವತ್ತೇ ಮುಟ್ಟು ನಿಂತಂಗೆ, ಮೆಲ್ಲಗೆ ಇಳಿಯೋ ಬದಲು ಮೆಟ್ಟಿಲಿಂದ ಬಿದ್ದಂಗೆ, ಮೂಳೆ ಬೇಗ ಸವೆಯುತ್ತೆ, ಹೃದಯಕ್ಕೂ ತೊಂದರೆ. ಆ ಕಾಗದ ಇಂಗ್ಲಿಷಲ್ಲಿತ್ತು, ಹೆಬ್ಬೆಟ್ಟು ಕನ್ನಡದೋಳದ್ದು. ಕಲಬುರಗಿ ಕಡೆ ಲಂಬಾಣಿ ಹೆಂಗಸರಿಗೆ ಹಿಂಗೇ ಗುಂಪುಗುಂಪಾಗಿ ಮಾಡಿದ್ದು ಹತ್ತು ವರ್ಷದ ಹಿಂದೆನೇ ದೊಡ್ಡ ಸುದ್ದಿ ಆಗಿತ್ತು. ಬೇಡದ ಗರ್ಭಕೋಶದ ಆಪರೇಷನ್ ತಡೆಯೋಕೆ ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂತು, ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟು 2023ರಲ್ಲಿ ಎಲ್ಲಾ ರಾಜ್ಯಕ್ಕೂ ಹೇಳ್ತು, ಜಿಲ್ಲೆಗೊಂದು ಸಮಿತಿ ಇರಬೇಕು, ಖಾಸಗಿಯೋರೂ ಲೆಕ್ಕ ಕೊಡಬೇಕು ಅಂತಿದೆ. ನಮ್ಮ ಜಿಲ್ಲೇಲಿ ಆ ಸಮಿತೀಲಿ ಯಾರಿದಾರೆ, ಎಷ್ಟು ಸಲ ಸೇರಿದಾರೆ, 40 ತುಂಬದಿರೋ ಎಷ್ಟು ಹೆಂಗಸರದ್ದು ತೆಗೆದಿದಾರೆ, ಇದನ್ನ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ತಾಲೂಕು ಆಸ್ಪತ್ರೆ ಬೋರ್ಡಿಗೆ ಅಂಟಿಸಿ ಸಾರ್, ನಾವು ಬಂದು ಓದ್ಕೊಳ್ತೀವಿ.

ಮೂಳೆ ವಿಷಯ ಬಂತಲ್ಲ, ಅದಕ್ಕೆ ನಮ್ಮ ಸೀಮೆಯದ್ದೇ ಒಂದು ತೊಡಕಿದೆ. ಮಂಡಿ, ಸೊಂಟ, ಬೆನ್ನು ನೋವು ಅಂತ ಹೋದ್ರೆ ವಯಸ್ಸಾಯ್ತಲ್ಲಮ್ಮ ಅಂತ ಒಂದು ಡೈಕ್ಲೋಫೆನಾಕ್ ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸ್ತಾರೆ. ನೋವು ಮುಟ್ಟು ನಿಂತು ಮೂಳೆ ಸವೆದಿದ್ದಕ್ಕೋ, ಇಲ್ಲ ನಾವು ಮೂವತ್ತು ವರ್ಷದಿಂದ ಕುಡಿದ ಬೋರ್ ನೀರಿಗೋ ಅಂತ ಯಾರೂ ಬೇರ್ಪಡಿಸಿ ನೋಡಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಅತ್ಲಾಗೆ ಪಾವಗಡ, ಎಲ್ಲಾ ಕಡೆ ಸಾವಿರ ಅಡಿ ದಾಟಿದ ಬೋರು, ಲೀಟರಿಗೆ 1.5 ಮಿಲಿಗ್ರಾಂ ಮೇಲೆ ಫ್ಲೋರೈಡ್ ಇರಬಾರದು ಅಂತ ಮಿತಿ ಇದೆ, ಅದನ್ನ ದಾಟಿದ ಊರು ನಮ್ಮಲ್ಲಿ ಒಂದೆರಡಲ್ಲ. ಫ್ಲೋರೈಡ್ ಮೂಳೆ, ಕೀಲಲ್ಲಿ ಕೂತ್ಕೊಂಡು ಬಿಗಿ ಮಾಡಿಬಿಡುತ್ತೆ, ಹೊರಗಿನಿಂದ ಎರಡೂ ನೋವು ಒಂದೇ ತರ. ಊರಿಗೆ ಆರ್‌ಒ ಘಟಕ ಕೊಟ್ಟಿದೀರಿ, ಐದು ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಬರುತ್ತೆ, ನಿಜ, ಆ 20 ಲೀಟರ್ ಕ್ಯಾನು ಸೊಂಟದ ಮೇಲೆ ಹೊತ್ಕೊಂಡು ಬರೋದು ಯಾರು ಅಂತ ಒಂದಿನ ಬಂದು ನೋಡಿ. ಸೊಂಟ ನೋವಿಗೆ ಕುಡಿಯೋ ನೀರು ಸೊಂಟದ ಮೇಲೇ ಬರುತ್ತೆ.

ಹಾಲು ಕುಡೀರಿ, ಕ್ಯಾಲ್ಸಿಯಂ ತಗೊಳ್ಳಿ ಅಂತಾರೆ. ಬೆಳಗ್ಗೆ ಆರೂವರೆಗೆ ಹದಿನಾಲ್ಕು ಲೀಟರ್ ಡೈರಿಗೆ ಹೋಗುತ್ತೆ, ಮನೇಲಿ ಉಳಿಯೋದು ಟೀಗೆ, ಮೊಮ್ಮಗೂಗೆ. ಮುಟ್ಟು ನಿಂತೋರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನೋರು ಹೇಳಿದಾರಂತೆ, ನೂರು ಗ್ರಾಂ ರಾಗೀಲಿ ಸುಮಾರು 350 ಇರುತ್ತೆ, ಎರಡು ಹೊತ್ತು ಮುದ್ದೆ ತಿಂತಿದ್ದ ನಮ್ಮಜ್ಜಿ ತಾನಾಗೇ ಅರ್ಧ ದಾರಿ ಮುಟ್ತಿದ್ಳು. ಈಗ ಮಕ್ಕಳಿಗೆ ಮುದ್ದೆ ಬೇಡ, ಒಬ್ಬಳಿಗೋಸ್ಕರ ಯಾರು ತೊಳಸ್ತಾರೆ ಅಂತ ನಾನೂ ಅನ್ನನೇ ತಿಂದೇಳ್ತೀನಿ. ಇದು ನಿಮ್ಮ ತಪ್ಪಲ್ಲ, ನಮ್ದೇ.

ಇನ್ನು ಯಾರೂ ಬಾಯಿ ಬಿಡದ ವಿಷಯ. ಕೆಮ್ಮಿದ್ರೆ, ಸೀನಿದ್ರೆ, ಸೊಪ್ಪಿನ ಹೊರೆ ಎತ್ತಿದ್ರೆ ಉಚ್ಚೆ ಹೋಗ್ಬಿಡುತ್ತೆ. ನಮ್ಮ ಹೆಂಗಸರ ಸಂಘದಲ್ಲಿ ಹನ್ನೊಂದು ಜನ ಇದೀವಿ, ನಾನು ಮೊದಲು ಹೇಳಿದ್ಮೇಲೆ ಒಬ್ಬೊಬ್ರಾಗಿ ಏಳು ಜನ ನನಗೂ ಅಂದ್ರು. ಇಬ್ರಿಗೆ ಗರ್ಭಕೋಶ ಜಾರಿ ಕೆಳಗೆ ಬಂದಿದೆ, ಕೂತಾಗ ಕೈಗೆ ಸಿಗುತ್ತೆ, ಕೈಯಲ್ಲೇ ಒಳಗೆ ತಳ್ಕೊಂಡು ಕೆಲಸಕ್ಕೆ ಹೋಗ್ತಾರೆ. ಇದಕ್ಕೆ ಆ ಜಾಗದ ಸ್ನಾಯು ಬಿಗಿ ಮಾಡೋ ವ್ಯಾಯಾಮ ಇದೆ, ದುಡ್ಡೇ ಬೇಡ, ಯಾರಾದ್ರೂ ಸರಿಯಾಗಿ ಹೇಳಿಕೊಡಬೇಕು ಅಷ್ಟೇ, ಒಳಗೆ ಇಡೋ ರಬ್ಬರಿನ ರಿಂಗ್ ಇದೆ, ಆಪರೇಷನ್ ಬೇಡದೇನೂ ಆಗುತ್ತೆ. 2023ರ ಜೂನಿಂದ ಬಸ್ ಫ್ರೀ ಮಾಡಿದಿರಿ, ಅದಕ್ಕೆ ಕೈ ಮುಗೀತೀನಿ, ಆದ್ರೆ ನಮ್ಮ ವಯಸ್ಸಿನೋರು ಆ ಬಸ್ ಹತ್ತೋ ದಿನ ಬೆಳಗ್ಗೆಯಿಂದ ನೀರು ಕುಡಿಯಲ್ಲ ಗೊತ್ತಾ, ಇಳಿಯೋ ಕಡೆ ಶೌಚಾಲಯ ಇರಲ್ಲ, ಇದ್ರೆ ಬೀಗ, ಬೀಗ ಇಲ್ದಿದ್ರೆ ನೀರಿಲ್ಲ. ನೀರು ಕುಡಿಯದೆ ಉರಿಮೂತ್ರ, ಉರಿಮೂತ್ರಕ್ಕೆ ಮತ್ತೆ ಆಸ್ಪತ್ರೆ, ಆಸ್ಪತ್ರೆಗೆ ಮತ್ತೆ ಅದೇ ಬಸ್ಸು. ಶೌಚಾಲಯ ನಿಮ್ಮ ಇಲಾಖೆದಲ್ಲ ಅಂತ ಗೊತ್ತು. ಸಂಬಂಧಪಟ್ಟೋರಿಗೆ ಒಂದು ಕಾಗದ ಹಾಕಿ, ನಮ್ಮ ಕಾಗದಕ್ಕಿಂತ ನಿಮ್ಮ ಕಾಗದಕ್ಕೆ ತೂಕ ಜಾಸ್ತಿ.

ಈಗ ನಾವು ಕೇಳೋದು. ಹೊಸ ಬಿಲ್ಡಿಂಗ್ ಬೇಡ, ಹೊಸ ಯೋಜನೆ ಹೆಸರು, ಉದ್ಘಾಟನೆ, ಫ್ಲೆಕ್ಸು ಯಾವುದೂ ಬೇಡ. ಬಸುರಿಯರಿಗೆ 9ನೇ ತಾರೀಕು ಇಟ್ಟಂಗೆ 40 ದಾಟಿದ ಹೆಂಗಸರಿಗೆ ಅಂತ ಪ್ರತಿ ಪಿಎಚ್‌ಸಿಯಲ್ಲಿ ತಿಂಗಳಿಗೆ ಒಂದು ದಿನ ಇಡಿ, ಸಂತೆ ದಿನ ಬೇಡ, ಟೈಮು ಹನ್ನೊಂದರಿಂದ ಮೂರು ಮಾಡಿ, ಬೆಳಗ್ಗೆ ಹಾಲು, ಸೊಪ್ಪು, ಸಂಜೆ ಮತ್ತೆ ಸೊಪ್ಪು ಇರುತ್ತೆ, ಹತ್ತು ಗಂಟೆಗೆ ಟೋಕನ್ ಮುಗೀತು ಅಂದ್ರೆ ನಮ್ಮಲ್ಲಿ ಯಾರೂ ಬರೋಕಾಗಲ್ಲ. ಲೇಡಿ ಡಾಕ್ಟ್ರು ಇದ್ರೆ ಒಳ್ಳೇದು, ಇಲ್ಲಾಂದ್ರೆ ತರಬೇತಿ ಆಗಿರೋ ಸಿಸ್ಟರ್ ಆದ್ರೂ ಪರವಾಗಿಲ್ಲ, ಆದ್ರೆ ಬಾಗಿಲಿಗೆ ಪರದೆ ಇರೋ ಒಂದು ರೂಮ್ ಬೇಕೇ ಬೇಕು, ಆ ಫಾರಂನ ಹೆಂಗಸರ ಪ್ರಶ್ನೆಗಳನ್ನ ಅಲ್ಲೇ ಕೇಳಿ, ಜಗಲಿ ಮುಂದೆ ಹಾಕಿರೋ ಟಿಕ್ಕುಗಳನ್ನೆಲ್ಲ ಒಂದ್ಸಲ ಅಳಿಸಿ ಹೊಸದಾಗಿ ಕೇಳಿದ್ರೂ ತಪ್ಪಿಲ್ಲ. ಬಿಪಿ, ಶುಗರ್ ಜೊತೆ ರಕ್ತ ಎಷ್ಟಿದೆ ನೋಡಿ, ನಿಲ್ಲೋ ಮುಂಚೆ ವಿಪರೀತ ಹೋಗಿ ರಕ್ತ ಇಲ್ಲದೆ ಬಿಳಿಚ್ಕೊಂಡಿರೋರು ತುಂಬಾ ಇದಾರೆ, ಥೈರಾಯ್ಡ್ ನೋಡಿ, ಅದರದ್ದೂ ಇದರದ್ದೂ ಲಕ್ಷಣ ಒಂದೇ ತರ ಇರುತ್ತೆ. ಗರ್ಭಕಂಠಕ್ಕೆ ವಿನಿಗರ್ ತರದ್ದು ಹಚ್ಚಿ ನೋಡೋ ಟೆಸ್ಟು 30ರಿಂದ 65ರವರೆಗೂ ಐದು ವರ್ಷಕ್ಕೊಂದ್ಸಲ ಮಾಡಬೇಕು ಅಂತ ನಿಮ್ಮದೇ ನಿಯಮ, ನಮ್ಮ ಸಂಘದ ಹನ್ನೊಂದು ಜನದಲ್ಲಿ ಒಬ್ಬರಿಗೂ ಆಗಿಲ್ಲ. ಕ್ಯಾಲ್ಸಿಯಂ ಬೇಕು ಅಂತ ಡಾಕ್ಟ್ರು ಹೇಳಿದೋರಿಗೆ ಬಸುರಿಯರಿಗೆ ಕೊಡೋ ಕ್ಯಾಲ್ಸಿಯಂ ಮಾತ್ರೇನೇ ನಮಗೂ ಕೊಡಿ. ಫಿಸಿಯೋಥೆರಪಿಯೋರನ್ನ ಅವತ್ತು ಒಂದು ಗಂಟೆ ಕಳಿಸಿ. ಊರಿನ ನೀರಿನ ಟೆಸ್ಟು ರಿಪೋರ್ಟನ್ನ ಡೈರಿ ಬಾಗಿಲಿಗೆ ಅಂಟಿಸಿ, ಪಂಚಾಯ್ತಿ ಆಫೀಸಿಗೆ ನಾವು ಹೋಗಲ್ಲ, ಡೈರಿಗೆ ದಿನಾ ಎರಡು ಸಲ ಹೋಗ್ತೀವಿ.

ತಾಯಿ ಕಾರ್ಡ್ ತರ ಒಂದು ಕಾರ್ಡೂ ಕೊಡಿ ನಮಗೆ. ಅದರಲ್ಲಿ ಮುಟ್ಟು ಯಾವಾಗ ನಿಂತಿತು, ಯಾವ ಆಪರೇಷನ್ ಆಗಿದೆ, ಒಳಗಿಂದ ಏನೇನು ತೆಗೆದಿದಾರೆ, ಇಷ್ಟು ಕನ್ನಡದಲ್ಲಿ ಬರೆದಿರಲಿ. ನಮ್ಮ ವಾರಗಿತ್ತಿ ಹತ್ರ ಆ ಕಾರ್ಡ್ ಇದ್ದಿದ್ರೆ ಮೂಳೆ ಮುರಿಯೋವರೆಗೂ ಕಾಯಬೇಕಿರಲಿಲ್ಲ.

ಇನ್ನೊಂದು, ಗಂಡಸರಿಗೂ ಹೇಳಿ. ಗ್ರಾಮಸಭೇಲಿ ಹದಿನೈದು ನಿಮಿಷ ಮೈಕ್ ಕೊಡಿ ಒಬ್ರು ಡಾಕ್ಟ್ರಿಗೆ. ನಮ್ಮ ಯಜಮಾನ್ರು ಕೆಟ್ಟೋರಲ್ಲ, ಎರಡೂವರೆ ವರ್ಷ ನನಗೆ ಏನಾಗಿದೆ ಅಂತ ಗೊತ್ತಾಗದೆ ಅವರೂ ಒದ್ದಾಡಿದ್ರು, ಡಾಕ್ಟ್ರು ಹೇಳಿದ್ದನ್ನ ನಾನು ಮನೆಗೆ ಬಂದು ಹೇಳಿದಾಗ ಸುಮ್ನೆ ಕೇಳಿಸ್ಕೊಂಡು, ಮಾರನೇ ದಿನ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಗೂಡು ಹಾಕೋಕೆ ಹೋದೋರು ಒಂದು ಟೇಬಲ್ ಫ್ಯಾನ್ ತಂದು ನನ್ನ ಮಂಚದ ಹತ್ರ ಇಟ್ರು. ಏನೂ ಮಾತಾಡಲಿಲ್ಲ. ಗೊತ್ತಾದ್ರೆ ಮಾಡ್ತಾರೆ ಸಾರ್, ಗೊತ್ತು ಮಾಡಿಸೋರು ಬೇಕು.

ಈಗ ನಮ್ಮ ಹುಳ ನಾಲ್ಕನೇ ಜ್ವರದಲ್ಲಿ ಕೂತಿದೆ, ನಾಳೆ ಸಂಜೆಗೆ ಏಳುತ್ತೆ, ಆಮೇಲೆ ಎಂಟು ದಿನ ನನಗೆ ಉಸಿರಾಡೋಕೂ ಪುರಸೊತ್ತಿರಲ್ಲ. ಹಣ್ಣಾದ ಹುಳನ ಗೂಡು ಕಟ್ಟೋ ಚಂದ್ರಂಕಿಗೆ ಬಿಟ್ಟ ಮಾರನೇ ದಿನ ನಾವು ಹನ್ನೊಂದು ಜನ ಸಹಿ ಹಾಕಿದ ಇದೇ ಕಾಗದನ ಜಿಲ್ಲಾ ಕಚೇರಿಗೆ ತಂದು ಕೊಡ್ತೀವಿ. ತಗೊಂಡು ಸೀಲ್ ಹಾಕಿ ಒಂದು ಹಿಂಬರಹ ಕೊಡಿಸಿ, ಮತ್ತೆ ಬಂದು ಕೇಳೋಕೆ ನಮ್ಮ ಹತ್ರ ಒಂದು ಕಾಗದ ಇರಲಿ.

ಇಂತಿ ನಿಮ್ಮ,
ರೇಷ್ಮೆ ಹುಳ ಮೇಯಿಸೋ ಒಬ್ಬ ಹೆಂಗಸು,
ಜೊತೆಗೆ ನಮ್ಮ ಸಂಘದ ಹತ್ತು ಜನ
ಶಿಡ್ಲಘಟ್ಟ ಸೀಮೆ, ಚಿಕ್ಕಬಳ್ಳಾಪುರ ಜಿಲ್ಲೆ